ಸದ್ಯ, ತಪ್ಪಿತಲ್ಲ!

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದು 2004ರಲ್ಲಿ. ಆಮೇಲೆ ಪಿಯುಸಿ, ಬಿ.ಇ., ಬೆಂಗಳೂರು, ಕಂಪ್ಯೂಟರ್ ಮುಂದಿನ ಕೆಲಸ. ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲ, ಮಕ್ಕಳಿಗೆ ಆ ಲೈನ್ ಬಗ್ಗೆ ಎರಡು ಮಾತು ಹೇಳಪ್ಪ" ಅಂದರು. ಒಪ್ಪಿಕೊಂಡೆ. ಆದರೆ ಮಾತು ಬರೆದುಕೊಳ್ಳಲು ಕೂತಾಗ ಮನಸ್ಸು ಬೇರೆ ಕಡೆಗೇ ಹೋಯಿತು. ಕಂಪ್ಯೂಟರ್ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ನಾನು ಇವತ್ತು ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ಮಾತಾಡುತ್ತೇನೆ. ಅದು ಕಾರ್ಖಾನೆಯವರ ವಿಷಯ, ನಮಗೇನು ಸಂಬಂಧ ಎಂದುಕೊಳ್ಳಬೇಡಿ. ನನಗೆ ಈ ವಿಷಯ ಗಂಟುಬಿದ್ದಿದ್ದೇ ನಮ್ಮೂರಿನ ಆಲೆಮನೆಯಲ್ಲಿ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪನ ಬಲಗೈಯ ಮೂರು ಬೆರಳು ಗಾಣಕ್ಕೆ ಹೋದವು. ಹಿರಿಯರಿಗೆಲ್ಲ ಗೊತ್ತಿರುವ ವಿಷಯ. ಕಬ್ಬು ಅರೆಯುವ ಕಾಲ. ಆಗ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ರಾತ್ರಿ. ಅಪ್ಪ ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ಬೆಳಗಿನಿಂದ ಗದ್ದೆ ಕೆಲಸ ಮಾಡಿ, ರಾತ್ರಿ ಹತ್ತಕ್ಕೆ ಗಾಣದ ಮುಂದೆ ನಿಂತವರು. ಎರಡೂವರೆ ಹೊತ್ತಿಗೆ ಒಂದು ಡೊಂಕು ಕಬ್ಬು ಸಿಕ್ಕಿಕೊಂಡಿತು. ಕೈಯಿಂದ ತಳ್ಳಿದರು. ಕಬ್ಬಿನ ಜೊತೆ ಕೈಯೂ ಹೋಯಿತು. ಮೋಟಾರ್ ನಿಲ್ಲಿಸುವ ಸ್ಟಾರ್ಟರ್ ಇದ್ದದ್ದು ಕೊಪ್ಪರಿಗೆಯ ಆಚೆ ಗೋಡೆಯಲ್ಲಿ. ಯಾರೋ ಓಡಿಹೋಗಿ ನಿಲ್ಲಿಸುವ ಹೊತ್ತಿಗೆ ಆಗುವುದು ಆಗಿಹೋಗಿತ್ತು.

ಆಲೆಮನೆ ಯಜಮಾನರು ಕೆಟ್ಟವರಲ್ಲ. ತಾವೇ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು, ಖರ್ಚು ಕೊಟ್ಟರು. ಮೂರನೇ ದಿನ ಗಾಣ ಮತ್ತೆ ಶುರುವಾಯಿತು. ಅದೇ ಗಾಣ, ಅದೇ ಸ್ಟಾರ್ಟರ್, ಕೊಡುವವರು ಮಾತ್ರ ಬೇರೆ. ಊರಿನಲ್ಲಿ ಎರಡು ಮಾತು ಕೇಳಿಬಂದವು. ಒಂದು, "ಹಣೆಬರಹ, ಯಾರು ತಪ್ಪಿಸೋಕಾಯ್ತದೆ." ಇನ್ನೊಂದು, "ನೋಡ್ಕೊಂಡು ಕೊಡಬೇಕಿತ್ತು, ನಿದ್ದೆಗಣ್ಣಲ್ಲಿದ್ದ ಅಂತ ಕಾಣ್ತದೆ." ಅಪ್ಪನೂ ಇವೆರಡನ್ನೂ ನಂಬಿಕೊಂಡರು. ನಾನೂ ನಂಬಿಕೊಂಡೆ. ಹದಿನೈದು ವರ್ಷ ನಂಬಿಕೊಂಡೇ ಇದ್ದೆ.

ಈಗ ನನ್ನ ಕೆಲಸದ ಕಥೆಗೆ ಬರುತ್ತೇನೆ. ಇದರಲ್ಲಿ ತಪ್ಪು ನನ್ನದೇ ಇರುವುದರಿಂದ ಧೈರ್ಯವಾಗಿ ಹೇಳಬಹುದು.

ನಮ್ಮ ಕಂಪನಿ ಕಾರ್ಖಾನೆಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆಗೆ ಒಂದು ಆಪ್ ಮಾಡುವ ಕೆಲಸ ನನಗೆ ಬಂತು. ಅಲ್ಲಿ ದೊಡ್ಡ ದೊಡ್ಡ ಪ್ರೆಸ್ ಯಂತ್ರಗಳು ತಗಡನ್ನು ಒತ್ತಿ ವಾಹನದ ಭಾಗಗಳನ್ನು ಮಾಡುತ್ತವೆ. ಕೆಲಸದ ಜಾಗದಲ್ಲಿ ಏನಾದರೂ ಅಪಾಯ ಕಂಡರೆ, ಅಥವಾ ಸ್ವಲ್ಪದರಲ್ಲಿ ಅಪಘಾತ ತಪ್ಪಿದರೆ, ಕಾರ್ಮಿಕರು ಮೊಬೈಲ್‌ನಲ್ಲಿ ತಿಳಿಸಬೇಕು. ಹೀಗೆ ಸ್ವಲ್ಪದರಲ್ಲಿ ತಪ್ಪಿದ್ದಕ್ಕೆ ಆ ಕ್ಷೇತ್ರದವರು ನಿಯರ್ ಮಿಸ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, "ಸದ್ಯ, ತಪ್ಪಿತಲ್ಲ!" ಅಂತ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತೇವಲ್ಲ, ಅದು.

ನಾನು ಉತ್ಸಾಹದಿಂದ ಆಪ್ ಮಾಡಿದೆ. ಮ್ಯಾನೇಜರುಗಳು ನೋಡಲೆಂದು ಒಂದು ದೊಡ್ಡ ಪರದೆ ಬೇರೆ. ಯಾವ ವಿಭಾಗದಿಂದ ಹೆಚ್ಚು ದೂರು ಬರುತ್ತದೋ ಅದಕ್ಕೆ ಕೆಂಪು ಬಣ್ಣ, ಕಡಿಮೆ ಬಂದರೆ ಹಳದಿ, ಬರದೇ ಇದ್ದರೆ ಹಸಿರು. ಎಲ್ಲರೂ ಭೇಷ್ ಅಂದರು. ಮೊದಲ ತಿಂಗಳು ನಲವತ್ತಕ್ಕೂ ಹೆಚ್ಚು ವರದಿಗಳು ಬಂದವು. ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ಪರದೆ ಹಾಕಿದಾಗ ಪ್ರೆಸ್ ವಿಭಾಗ ಕೆಂಡದ ಹಾಗೆ ಕೆಂಪು. ಮೇಲಿನವರು ಕೇಳಿದ ಮೊದಲ ಪ್ರಶ್ನೆ: "ಇಷ್ಟೊಂದು ಯಾರು ಕಳಿಸಿದ್ದು?"

ಆ ಪ್ರಶ್ನೆ ಮೀಟಿಂಗ್ ರೂಮಿನಿಂದ ಯಂತ್ರದ ಹತ್ತಿರ ಹೋಗಲು ಅರ್ಧ ಗಂಟೆ ಸಾಕಾಯಿತು. ಎರಡನೇ ತಿಂಗಳು ವರದಿ ಹನ್ನೆರಡಕ್ಕೆ ಇಳಿಯಿತು. ಮೂರನೇ ತಿಂಗಳು ಮೂರು. ನಾಲ್ಕನೇ ತಿಂಗಳು ಸೊನ್ನೆ. ಪರದೆ ತುಂಬ ಹಸಿರು. ಗೇಟಿನ ಹತ್ತಿರ "ಅಪಘಾತವಿಲ್ಲದ ದಿನಗಳು" ಎಂಬ ಬೋರ್ಡ್ ಹಾಕಿದರು. ನೂರು ದಿನ ದಾಟಿಸಿದ ವಿಭಾಗದ ಪ್ರತಿಯೊಬ್ಬರಿಗೂ ಒಂದು ಪ್ರೆಶರ್ ಕುಕ್ಕರ್ ಬಹುಮಾನ ಎಂದು ಘೋಷಿಸಿದರು. ನನಗೂ ಒಂದು ಹೂಗುಚ್ಛ ಕೊಟ್ಟರು. ನಾನು ಅದರ ಫೋಟೋ ಮನೆಗೆ ಕಳಿಸಿದೆ.

ಅದೇ ವಾರ ಕ್ಯಾಂಟೀನಿನಲ್ಲಿ ಒಬ್ಬ ಹುಡುಗ ನನ್ನ ಎದುರು ಬಂದು ಕೂತ. ಕಾಂಟ್ರಾಕ್ಟ್ ಕಾರ್ಮಿಕ. ನಮ್ಮ ಮಂಡ್ಯ ಕಡೆಯ ಮಾತು. ಎಡಗೈಯಲ್ಲಿ ಊಟ ಮಾಡುತ್ತಿದ್ದ. ಬಲಗೈಯನ್ನು ತೊಡೆಯ ಮೇಲೆ ಬಚ್ಚಿಟ್ಟುಕೊಂಡಿದ್ದ. ಅಪ್ಪ ಎಡಗೈಯಲ್ಲಿ ಊಟ ಮಾಡುವುದನ್ನು ವರ್ಷಗಟ್ಟಲೆ ನೋಡಿದ ಕಣ್ಣು ನನ್ನದು. ತಡೆಯಲಾರದೆ ಕೇಳಿದೆ. ಮೊದಲು, "ಮನೇಲಿ ಬಿದ್ದೆ ಸಾರ್" ಅಂದ. ನಾನೂ ಮಂಡ್ಯ ಕಡೆಯವನೇ ಎಂದು ಗೊತ್ತಾದ ಮೇಲೆ ನಿಜ ಹೇಳಿದ. ತಗಡಿನ ಅಂಚು ಅಂಗೈ ಕುಯ್ದಿತ್ತು. ಹೊರಗಡೆ ಹೋಗಿ ಸ್ವಂತ ದುಡ್ಡಿನಲ್ಲಿ ಆರು ಹೊಲಿಗೆ ಹಾಕಿಸಿಕೊಂಡಿದ್ದ. "ಕಾರ್ಖಾನೇಲಿ ಆಯ್ತು ಅಂದ್ರೆ ನನ್ನಿಂದ ಎಲ್ರಿಗೂ ಕುಕ್ಕರ್ ಹೋಯ್ತದೆ ಸಾರ್. ಆಮೇಲೆ ಕಾಂಟ್ರಾಕ್ಟ್ರು ನಾಳೆಯಿಂದ ಬರಬೇಡ ಅಂತಾರೆ."

ನನಗೆ ಅನ್ನ ಇಳಿಯಲಿಲ್ಲ. ನಾನು ಬರೆದ ಪ್ರೋಗ್ರಾಂನಲ್ಲಿ ಒಂದು ತಪ್ಪೂ ಇರಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಆದರೆ ಆ ಹುಡುಗನ ಕೈಯನ್ನು ಮೇಜಿನ ಕೆಳಗೆ ಬಚ್ಚಿಡುವಂತೆ ಮಾಡಿದ್ದರಲ್ಲಿ ಅದರ ಪಾಲೂ ಇತ್ತು. ಪರದೆಯ ಮೇಲಿನ ಹಸಿರು ಬಣ್ಣಕ್ಕೆ ಅಪಾಯ ಇಲ್ಲ ಎಂಬ ಅರ್ಥವಿರಲಿಲ್ಲ. ಹೇಳುವವರು ಇಲ್ಲ ಎಂದಷ್ಟೇ ಅರ್ಥ.

ಆ ಶನಿವಾರ ಊರಿಗೆ ಬಂದೆ. ಜಗಲಿಯ ಮೇಲೆ ಅಪ್ಪನ ಜೊತೆ ಕೂತು ಈ ಹುಡುಗನ ವಿಷಯ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನಗೆ ಗೊತ್ತೇ ಇರದ ಒಂದು ಸಂಗತಿ ಹೇಳಿದರು. ಅವರ ಕೈ ಹೋಗುವುದಕ್ಕೆ ಹದಿನೈದು ದಿನ ಮುಂಚೆ, ಅದೇ ಗಾಣದಲ್ಲಿ, ಇನ್ನೊಬ್ಬರ ಹೆಗಲ ಮೇಲಿನ ಟವಲ್ ಉರುಳೆಗೆ ಸಿಕ್ಕಿಕೊಂಡು ಎಳೆದುಕೊಂಡಿತ್ತು. ಅವರು ಹಿಂದಕ್ಕೆ ಜಗ್ಗಿಕೊಂಡು ಟವಲ್ ಬಿಟ್ಟುಕೊಟ್ಟರು. ಟವಲ್ ಹಿಪ್ಪೆಯಾಗಿ ರಚ್ಚಿನ ಜೊತೆ ಆಚೆ ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. "ಸದ್ಯ, ತಪ್ಪಿತಲ್ಲ, ಟವಲ್ ತಾನೇ ಹೋಗಿದ್ದು" ಅಂದರಂತೆ. ನಕ್ಕವರಲ್ಲಿ ಅಪ್ಪನೂ ಒಬ್ಬರು. ಯಜಮಾನರಿಗೆ ಯಾರೂ ಹೇಳಲಿಲ್ಲ. ಹೇಳಿದರೆ "ಕೆಲಸ ಮಾಡೋಕೆ ಬರಲ್ವೇನ್ರೋ" ಎಂದು ಬೈಯುತ್ತಾರೆ ಎಂಬ ಅಳುಕು.

ನನಗೆ ಆಗ ಅನ್ನಿಸಿದ್ದು ಇಷ್ಟು: ಹದಿನೈದು ದಿನ ಮೊದಲೇ ಆ ಗಾಣ ಒಂದು ಮಾತು ಹೇಳಿತ್ತು. ಕೇಳಿಸಿಕೊಳ್ಳುವ ಏರ್ಪಾಡು ನಮ್ಮಲ್ಲಿ ಇರಲಿಲ್ಲ. ಉರುಳೆಯ ಮುಂದೆ ಒಂದು ತಗಡಿನ ದೋಣಿ ಕೂರಿಸಿ ಕೈ ಉರುಳೆಯವರೆಗೆ ಹೋಗದಂತೆ ಮಾಡಿದ್ದರೆ, ಸ್ಟಾರ್ಟರನ್ನು ಗಾಣದ ಪಕ್ಕಕ್ಕೆ ತಂದಿದ್ದರೆ, ಅಪ್ಪನ ಹಣೆಬರಹ ಬೇರೆಯೇ ಇರುತ್ತಿತ್ತು.

ಇದು ಹಳ್ಳಿಯವರ ದಡ್ಡತನ ಎಂದು ಯಾರೂ ತಿಳಿಯಬೇಕಾಗಿಲ್ಲ. 1974ರ ಡಿಸೆಂಬರ್ 1ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ಹತ್ತಿರದ ಡಲ್ಲೆಸ್ ವಿಮಾನ ನಿಲ್ದಾಣಕ್ಕೆ ಇಳಿಯಬೇಕಿದ್ದ ಟಿ.ಡಬ್ಲ್ಯೂ.ಎ. ವಿಮಾನವೊಂದು ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 92 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಯಾವ ಹಂತದಲ್ಲಿ ಎಷ್ಟು ಎತ್ತರಕ್ಕೆ ಇಳಿಯಬಹುದು ಎಂಬ ವಿಷಯದಲ್ಲಿ ಪೈಲಟ್‌ಗಳು ಅರ್ಥಮಾಡಿಕೊಂಡದ್ದೇ ಒಂದು, ಕೆಳಗಿನ ಕಂಟ್ರೋಲರುಗಳು ಅಂದುಕೊಂಡದ್ದೇ ಒಂದು. ವಿಚಾರಣೆ ಮಾಡಿದಾಗ ಗೊತ್ತಾಯಿತು: ಸುಮಾರು ಆರು ವಾರ ಮೊದಲು ಇನ್ನೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ, ಅದೇ ಗೊಂದಲದಿಂದ, ಸ್ವಲ್ಪದರಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಆ ಮಾತು ಬೇರೆ ಕಂಪನಿಯವರ ಕಿವಿಗೆ ಬೀಳಲಿಲ್ಲ. ನಮ್ಮ ಆಲೆಮನೆಯ ಟವಲಿಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ.

ಆಮೇಲೆ ಅವರು ಒಂದು ಒಳ್ಳೆಯ ಕೆಲಸ ಮಾಡಿದರು. 1976ರಿಂದ ಅಲ್ಲಿ ಒಂದು ವರದಿ ವ್ಯವಸ್ಥೆ ನಡೆದುಕೊಂಡು ಬಂದಿದೆ. ಪೈಲಟ್ ಇರಲಿ, ಕಂಟ್ರೋಲರ್ ಇರಲಿ, ತಮ್ಮಿಂದಾದ ತಪ್ಪನ್ನೂ ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಬರೆದು ಕಳಿಸಬಹುದು. ಆ ಪತ್ರಗಳನ್ನು ಓದುವವರು ವಿಮಾನಯಾನ ಇಲಾಖೆಯ ಅಧಿಕಾರಿಗಳಲ್ಲ. ಬಾಹ್ಯಾಕಾಶ ಸಂಸ್ಥೆ ನಾಸಾದ ಉಸ್ತುವಾರಿಯಲ್ಲಿ ಬೇರೆಯೇ ಜನ ಓದುತ್ತಾರೆ. ಬರೆದವರ ಹೆಸರು ತೆಗೆದುಹಾಕುತ್ತಾರೆ. ಅಪರಾಧವೋ ನಿಜವಾದ ಅಪಘಾತವೋ ಆಗಿದ್ದರೆ ಮಾತು ಬೇರೆ. ಉಳಿದಂತೆ ಆ ಪತ್ರವನ್ನು ಹಿಡಿದುಕೊಂಡು ಶಿಕ್ಷೆ ಕೊಡುವುದಿಲ್ಲ. ಕಲಿತ ಪಾಠವನ್ನು ಎಲ್ಲರಿಗೂ ಹಂಚುತ್ತಾರೆ.

ನಾನು ಸೋಮವಾರ ಕಾರ್ಖಾನೆಗೆ ಹೋಗಿ ಅಲ್ಲಿನ ಸುರಕ್ಷತಾ ಅಧಿಕಾರಿಯ ಹತ್ತಿರ ನನ್ನ ತಪ್ಪು ಒಪ್ಪಿಕೊಂಡೆ. ಅವರು ಆಗಷ್ಟೇ ಬೇರೆ ಕಡೆಯಿಂದ ವರ್ಗವಾಗಿ ಬಂದಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಾದ ಹೆಣ್ಣುಮಗಳು. ಕುಕ್ಕರ್ ವಿಷಯ ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಹುಡುಗನ ಹೆಸರನ್ನೂ ಕೇಳಲಿಲ್ಲ. "ಮೊದಲು ಆ ಬಣ್ಣ ತೆಗಿ" ಅಂದರು. ಮುಂದಿನ ಒಂದೂವರೆ ವರ್ಷ ಅವರ ಹಿಂದೆ ತಿರುಗಿ ನಾನು ಕಲಿತದ್ದು ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ವರ್ಷದಲ್ಲೂ ಕಲಿತಿರಲಿಲ್ಲ.

ಅವರು ಮಾಡಿದ್ದು ಹೀಗೆ. ಮೊದಲು ಮೇಲಿನವರ ಜೊತೆ ಕೂತು ಬಹುಮಾನ ನಿಲ್ಲಿಸಿದರು. ಅದಕ್ಕೇ ಎರಡು ತಿಂಗಳು ಹಿಡಿಯಿತು. ಗಾಯ ಆಗದಿದ್ದಕ್ಕೆ ಬಹುಮಾನ ಕೊಟ್ಟರೆ ಗಾಯ ಮುಚ್ಚಿಡುವುದಕ್ಕೆ ಕೂಲಿ ಕೊಟ್ಟ ಹಾಗೆ ಎಂದು ಹೇಳಿ ಹೇಳಿ ಒಪ್ಪಿಸಿದರು. ಆಮೇಲೆ ನನ್ನ ಆಪ್‌ನಲ್ಲಿ ಹೆಸರು ಹೇಳದೆಯೂ ತಿಳಿಸುವ ಅವಕಾಶ ಮಾಡಿಸಿದರು. ಬರೆಯುವುದು ಕಷ್ಟ ಅನ್ನುವವರಿಗೆ ಮಾತಾಡಿ ಕಳಿಸುವ ಸೌಲಭ್ಯ. ಕನ್ನಡ, ಹಿಂದಿ, ತಮಿಳು, ಒಡಿಯಾ, ಯಾವ ಭಾಷೆಯಾದರೂ ಸರಿ. ನಾನು ಮೊದಲು ಇಂಗ್ಲಿಷಿನಲ್ಲಿ ಹದಿನಾಲ್ಕು ಖಾನೆ ತುಂಬಿಸಬೇಕಾದ ಫಾರಂ ಮಾಡಿದ್ದೆ. ಯಂತ್ರದ ಮುಂದೆ ಎಣ್ಣೆಗೈಯಲ್ಲಿ ನಿಂತವರು ಹದಿನಾಲ್ಕು ಖಾನೆ ತುಂಬುತ್ತಾರೆ ಎಂದು ನನಗೆ ಹೇಗೆ ಅನ್ನಿಸಿತೋ ಗೊತ್ತಿಲ್ಲ.

ಮುಖ್ಯವಾದದ್ದು ಇದಲ್ಲ. ಪ್ರತಿ ಪಾಳಿ ಬದಲಾಗುವಾಗ ಅವರು ಒಂದು ಸಣ್ಣ ನೋಟ್ ಪುಸ್ತಕ ಹಿಡಿದು ಯಂತ್ರಗಳ ನಡುವೆ ನಡೆಯುತ್ತಿದ್ದರು. ಹೆಲ್ಮೆಟ್ ಎಲ್ಲಿ, ಬೂಟು ಎಲ್ಲಿ ಎಂದು ಗದರುತ್ತಿರಲಿಲ್ಲ. "ಇವತ್ತು ಇಲ್ಲಿ ಯಾರಿಗಾದರೂ ಏಟಾಗೋದಾದ್ರೆ ಯಾವುದರಿಂದ ಆಗಬಹುದು?" ಎಂದು ಕೇಳುತ್ತಿದ್ದರು. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಒಬ್ಬರು ಕ್ಯಾಂಟೀನ್ ಮೆಟ್ಟಿಲು ಒಡೆದಿದೆ ಅಂದರು. ಮರುದಿನ ಸಿಮೆಂಟ್ ಬಿತ್ತು. ಇನ್ನೊಬ್ಬರು ನೀರಿನ ನಲ್ಲಿಯ ಹತ್ತಿರ ಜಾರುತ್ತದೆ ಅಂದರು. ಮೂರು ದಿನದಲ್ಲಿ ಸರಿಹೋಯಿತು. ಆಗದೇ ಇದ್ದದ್ದನ್ನು ಯಾಕೆ ಆಗಲಿಲ್ಲ, ಯಾವಾಗ ಆಗುತ್ತದೆ ಎಂದು ಹೇಳಿದವರ ಹತ್ತಿರವೇ ಹೋಗಿ ತಿಳಿಸುತ್ತಿದ್ದರು. ನಾನು ಕೇಳಿದೆ, "ಮೇಡಂ, ಪ್ರೆಸ್ ಬಿಟ್ಟು ಮೆಟ್ಟಿಲು ಕಟ್ಟಿಸ್ತಾ ಇದ್ದೀರಲ್ಲ?" ಅವರು ಹೇಳಿದರು, "ಸಣ್ಣದನ್ನು ಸರಿ ಮಾಡಿದರೆ ತಾನೇ ದೊಡ್ಡದನ್ನು ನನಗೆ ಹೇಳೋದು."

ವರದಿಗಳು ಮತ್ತೆ ಬರತೊಡಗಿದವು. ಹತ್ತು, ಮೂವತ್ತು, ಅರವತ್ತು. ಮೇಲಿನವರು ಗಾಬರಿಯಾದರು. ಆಗ ಅವರು ಮೀಟಿಂಗ್‌ನಲ್ಲಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಜ್ವರ ಜಾಸ್ತಿ ಆಗಿಲ್ಲ ಸಾರ್. ಥರ್ಮಾಮೀಟರ್ ಈಗ ಕೆಲಸ ಮಾಡ್ತಾ ಇದೆ."

ಒಂದು ರಾತ್ರಿ ಪಾಳಿಯಲ್ಲಿ ಒಬ್ಬ ಕಾರ್ಮಿಕ ತನ್ನ ಪ್ರೆಸ್ ನಿಲ್ಲಿಸಿಬಿಟ್ಟ. ಆ ಯಂತ್ರ ಕೆಳಗಿಳಿಯಬೇಕಾದರೆ ಎರಡು ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಯಂತ್ರದ ಒಳಗೆ ಕೈ ಇರುವುದಕ್ಕೆ ಸಾಧ್ಯವಿಲ್ಲ ಎಂಬ ಲೆಕ್ಕ. ಆ ರಾತ್ರಿ ಒಂದು ಸಲ ಒತ್ತಿದ್ದಕ್ಕೆ ಅದು ಎರಡು ಸಲ ಇಳಿಯಿತು. ಎರಡನೇ ಸಲ ಇಳಿದಾಗ ಅದೃಷ್ಟಕ್ಕೆ ಅವನ ಕೈ ಒಳಗಿರಲಿಲ್ಲ. ಸದ್ಯ, ತಪ್ಪಿತಲ್ಲ! ಮೊದಲಾಗಿದ್ದರೆ ಅವನು ಅಷ್ಟು ಅಂದುಕೊಂಡು ಕೆಲಸ ಮುಂದುವರಿಸುತ್ತಿದ್ದ. ಈಗ ನಿಲ್ಲಿಸಿ ಹೇಳಿದ. ಬಿಚ್ಚಿ ನೋಡಿದರೆ ಬ್ರೇಕ್ ಸವೆದುಹೋಗಿತ್ತು. ಐದು ಗಂಟೆ ಉತ್ಪಾದನೆ ನಿಂತಿತು. ಬೆಳಿಗ್ಗೆ ಕಾರ್ಖಾನೆಯ ಮುಖ್ಯಸ್ಥರು, ಅದೇ "ಯಾರು ಕಳಿಸಿದ್ದು" ಎಂದು ಕೇಳಿದ್ದವರು, ಎಲ್ಲರ ಮುಂದೆ ಅವನ ಕೈ ಕುಲುಕಿ ಥ್ಯಾಂಕ್ಸ್ ಹೇಳಿದರು. ಆ ಕೈಯಲ್ಲಿ ಐದೂ ಬೆರಳಿದ್ದವು. ನನ್ನ ಕಣ್ಣು ಅದರ ಮೇಲೇ ಇತ್ತು.

ಸುರಕ್ಷತೆಯ ಸಂಸ್ಕೃತಿ ಎಂದು ದೊಡ್ಡ ಪದ ಬಳಸುತ್ತಾರೆ. ನನಗೆ ಅರ್ಥವಾದದ್ದು ಇಷ್ಟೇ. ಅತಿ ಕಡಿಮೆ ಸಂಬಳದವನು ಅತಿ ದೊಡ್ಡ ಸಂಬಳದವರಿಗೆ ಕೆಟ್ಟ ಸುದ್ದಿಯನ್ನು ಭಯವಿಲ್ಲದೆ ಹೇಳಬಹುದೇ? ಹೇಳಿದ ಮೇಲೆ ಏನಾದರೂ ಸರಿಯಾಗುತ್ತದೆಯೇ? ಈ ಎರಡಕ್ಕೂ ಹೌದು ಎಂಬ ಉತ್ತರ ಇರುವ ಕಡೆ ಸುರಕ್ಷತೆ ಇದೆ. ಹೆಲ್ಮೆಟ್, ಬೋರ್ಡು, ಪ್ರಮಾಣವಚನ ಎಲ್ಲ ಆಮೇಲೆ.

ಈ ಎರಡಕ್ಕೂ ಇಲ್ಲ ಎಂಬ ಉತ್ತರ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅದು ಮೊದಲ ಎಚ್ಚರಿಕೆ ಆಗಿರಲಿಲ್ಲ. ಮೂರು ವರ್ಷ ಮೊದಲೇ, 1981ರ ಡಿಸೆಂಬರಿನಲ್ಲಿ, ಅಲ್ಲೇ ಫಾಸ್ಜೀನ್ ಅನಿಲ ಸೋರಿ ಒಬ್ಬ ಕಾರ್ಮಿಕ ಸತ್ತಿದ್ದ. 1982ರಲ್ಲಿ ರಾಜಕುಮಾರ್ ಕೇಸ್ವಾನಿ ಎಂಬ ಆ ಊರಿನ ಪತ್ರಕರ್ತರು ತಮ್ಮ ಸಣ್ಣ ಪತ್ರಿಕೆಯಲ್ಲಿ ಅಪಾಯದ ಬಗ್ಗೆ ಬರೆದಿದ್ದರು. ಯಾರೂ ಕಿವಿಗೊಡಲಿಲ್ಲ. ದುರಂತದ ರಾತ್ರಿ ಅನಿಲದ ಟ್ಯಾಂಕನ್ನು ತಣ್ಣಗಿಡುವ ಯಂತ್ರ ನಿಂತಿತ್ತು. ಸೋರಿದ ಅನಿಲವನ್ನು ಸುಡುವ ಗೋಪುರ ರಿಪೇರಿಯಲ್ಲಿತ್ತು. ಆಮೇಲೆ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. ಅಪಾಯಕಾರಿ ಕೆಲಸವಿರುವ ಕಡೆ ಕಾರ್ಮಿಕರೂ ಆಡಳಿತದವರೂ ಸಮ ಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕು, ಅಪಾಯ ಕಂಡ ಕಾರ್ಮಿಕ ಅದನ್ನು ಹೇಳುವುದು ಅವನ ಹಕ್ಕು ಎಂದು ಅದರಲ್ಲಿ ಬರೆದರು. ಅಷ್ಟು ಜನ ಸತ್ತ ಮೇಲೆ ಬರೆದ ಸಾಲುಗಳು ಅವು.

ಕಾರ್ಖಾನೆ ಬಿಡಿ. ನಮ್ಮ ಜಿಲ್ಲೆಯದ್ದೇ ನೋಡಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಅವತ್ತು ಶನಿವಾರ. ಸ್ಕೂಲು ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾಲೆಗೆ ತಡೆಗೋಡೆ ಇಲ್ಲವಲ್ಲ ಎಂಬ ಮಾತು ಮಾರನೇ ದಿನ ಎಲ್ಲರ ಬಾಯಲ್ಲೂ ಬಂತು. ನಮ್ಮ ನಮ್ಮ ಊರಿನ ನಾಲೆ ಏರಿಯ ಮೇಲೆ ನಾವೆಲ್ಲ ಎಷ್ಟು ಸಲ "ಸದ್ಯ, ತಪ್ಪಿತಲ್ಲ" ಅಂದುಕೊಂಡು ಗಾಡಿ ಓಡಿಸಿದ್ದೇವೆ? ಅದರಲ್ಲಿ ಒಂದನ್ನಾದರೂ ಅರ್ಜಿ ಮಾಡಿ ಪಂಚಾಯ್ತಿಗೆ ಕೊಟ್ಟಿದ್ದೇವೆಯೇ?

ಇಷ್ಟೆಲ್ಲ ಆದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಆ ಸುರಕ್ಷತಾ ಅಧಿಕಾರಿ ಹೇಳಿಕೊಟ್ಟ ಪಾಠವನ್ನು ನಾನು ಮೊದಲೇ ಒಂದು ಸಲ ಕಲಿತಿದ್ದೆ. ಈ ಶಾಲೆಯಲ್ಲೇ, ಆ ಮೂಲೆಯ ಲ್ಯಾಬ್‌ನಲ್ಲಿ. ಒಂಬತ್ತನೇ ಕ್ಲಾಸು. ಮೇಲಿನ ಅಲಮಾರಿನಿಂದ ಆಸಿಡ್ ಬಾಟಲಿ ಇಳಿಸಲು ಸ್ಟೂಲ್ ಹತ್ತಿದೆ. ಬಾಟಲಿ ಜಾರಿ ಕೆಳಗೆ ಬಿದ್ದು ಚೂರಾಯಿತು. ಮುಂಗೈಗೆ ಸಿಡಿಯಿತು. ಲ್ಯಾಬ್‌ನಲ್ಲಿ ಉಸಿರಿಲ್ಲ. ಬೆತ್ತದೇಟು ಖಂಡಿತ ಎಂದುಕೊಂಡೆ. ನಮ್ಮ ವಿಜ್ಞಾನದ ಮೇಷ್ಟ್ರು ಓಡಿಬಂದು ಕೇಳಿದ್ದು, "ಎಲ್ಲಿ ತಾಗಿತು?" ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಕಾಲು ಗಂಟೆಗೂ ಹೆಚ್ಚು ಹೊತ್ತು ನೀರು ಬಿಟ್ಟರು. ಆಮೇಲೆ ಕೇಳಿದ್ದು, "ಯಾಕೆ ಜಾರಿತು?" ನಾನು ಅಳುತ್ತಾ, "ಎಟುಕಲಿಲ್ಲ ಸಾರ್" ಅಂದೆ. ಮಾರನೇ ದಿನ ಬಂದು ನೋಡಿದರೆ ಎಲ್ಲ ಆಸಿಡ್ ಬಾಟಲಿಗಳೂ ಕೆಳಗಿನ ಸಾಲಿಗೆ ಬಂದಿದ್ದವು. ಸ್ಟೂಲನ್ನು ಲ್ಯಾಬ್‌ನಿಂದಲೇ ಆಚೆ ಹಾಕಿದ್ದರು. "ಯಾರೋ ಅದು ಒಡೆದದ್ದು" ಎಂಬ ಮಾತು ಅವರ ಬಾಯಲ್ಲಿ ಒಂದು ಸಲವೂ ಬರಲಿಲ್ಲ. ಮೇಷ್ಟ್ರು ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅವರಿಗೆ ಇದು ನೆನಪಿಲ್ಲವಂತೆ. ಬೆಳಿಗ್ಗೆ ಕೇಳಿದೆ. ನನಗೆ ನೆನಪಿದೆ ಸಾರ್. ಅಷ್ಟು ಸಾಕು.

ಮಕ್ಕಳಿಗೆ ಕೆಲಸದ ವಿಷಯ ಹೇಳು ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸುರಕ್ಷತಾ ಅಧಿಕಾರಿ ಎಂಬುದು ಒಂದು ಒಳ್ಳೆಯ ಉದ್ಯೋಗ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಾವಿರ ಕಾರ್ಮಿಕರಿರುವ ಕಾರ್ಖಾನೆಗೆ ಇಂಥವರು ಬೇಕು ಎಂದಿತ್ತು. 2020ರ ಹೊಸ ಸಂಹಿತೆ ಅದನ್ನು 500ಕ್ಕೆ ಇಳಿಸಿದೆ. ಅಪಾಯಕಾರಿ ಕಾರ್ಖಾನೆ ಮತ್ತು ಕಟ್ಟಡ ಕೆಲಸಕ್ಕೆ 250, ಗಣಿಗೆ 100. ವಿಜ್ಞಾನ ಅಥವಾ ಇಂಜಿನಿಯರಿಂಗ್ ಓದಿ, ಮೇಲೆ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಮಾಡಬಹುದು. ಮುಂಬೈಯ ಕೇಂದ್ರ ಕಾರ್ಮಿಕ ಸಂಸ್ಥೆಯಲ್ಲೂ ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯಲ್ಲೂ ಇದನ್ನು ಕಲಿಸುತ್ತಾರೆ. ಕಂಪ್ಯೂಟರ್ ಓದಿದವರಿಗೆ ಎಷ್ಟು ಗೌರವವೋ ಇದಕ್ಕೂ ಅಷ್ಟೇ ಇದೆ. ಸಂಜೆ ಮನೆಗೆ ಹೋಗುವಾಗ ಸಿಗುವ ನೆಮ್ಮದಿ ಇದರಲ್ಲಿ ಸ್ವಲ್ಪ ಹೆಚ್ಚು.

ಕೊನೆಯದಾಗಿ ನನ್ನ ಮೂರು ಕೋರಿಕೆಗಳು.

ಮೊದಲನೆಯದು ಶಾಲೆಗೆ. ನಮ್ಮ 2004ರ ಬ್ಯಾಚಿನವರು ಸೇರಿ ಶಾಲೆಗೆ ಏನಾದರೂ ಕೊಡುಗೆ ಕೊಡಬೇಕು ಎಂದುಕೊಂಡಾಗ ಕಮಾನು ಕಟ್ಟಿಸೋಣ ಎಂಬ ಮಾತು ಬಂದಿತ್ತು. ಅದರ ಬದಲು ಇಡೀ ಶಾಲೆಯ ವೈರಿಂಗ್ ಬದಲಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುತ್ತಿದ್ದೇವೆ. ಕರೆಂಟು ಮನುಷ್ಯನ ಮೈಯಿಂದ ನೆಲಕ್ಕೆ ಹರಿಯತೊಡಗಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಮನೆಮನೆಯಲ್ಲೂ ಒಂದು ಇದ್ದರೆ ಒಳ್ಳೆಯದು. ಕಮಾನಿನ ಹಾಗೆ ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ಆಗುವುದಿಲ್ಲ, ಕ್ಷಮಿಸಿ. ಜೊತೆಗೆ ಒಂದು ದಪ್ಪ ನೋಟ್ ಪುಸ್ತಕ ಕೊಡುತ್ತಿದ್ದೇವೆ. ಅದರ ಮೇಲೆ "ಸದ್ಯ, ತಪ್ಪಿತಲ್ಲ!" ಎಂದು ಬರೆದಿದೆ. ಶಾಲೆಯಲ್ಲಿ ಎಡವಿದ್ದು, ಜಾರಿದ್ದು, ಶಾಕ್ ಹೊಡೆದದ್ದು, ಬಿಸಿಯೂಟದ ಪಾತ್ರೆ ವಾಲಿದ್ದು, ಏನಿದ್ದರೂ ಮಕ್ಕಳು ಬರೆಯಲಿ. ಹೆಸರು ಬೇಡ. ವಾರಕ್ಕೊಮ್ಮೆ ಮೇಷ್ಟ್ರುಗಳು ಓದಿ, ಏನು ಮಾಡಿದೆವು ಎಂದು ಎದುರಿನ ಪುಟದಲ್ಲಿ ಬರೆಯಲಿ. ಎದುರಿನ ಪುಟ ಖಾಲಿ ಉಳಿದರೆ ಈ ಪುಟವೂ ಬೇಗ ಖಾಲಿಯಾಗುತ್ತದೆ.

ಎರಡನೆಯದು ಆಲೆಮನೆ ಯಜಮಾನರಿಗೆ. ಗಾಣದ ಬಾಯಿಗೆ ಉದ್ದನೆಯ ದೋಣಿ ಕೂರಿಸಿ. ಬೆಲ್ಟಿಗೂ ಹಲ್ಲುಚಕ್ರಕ್ಕೂ ಜಾಲರಿ ಹಾಕಿಸಿ. ನಿಲ್ಲಿಸುವ ಗುಂಡಿ ಕಬ್ಬು ಕೊಡುವವರ ಕೈಗೆಟುಕುವ ಹಾಗಿರಲಿ. ಹೆಗಲ ಮೇಲೆ ಟವಲ್ ಬೇಡ. ಕೈಗವಸೂ ಬೇಡ, ತಿರುಗುವ ಯಂತ್ರದ ಮುಂದೆ ಅದೇ ಕೈಯನ್ನು ಒಳಗೆ ಎಳೆಸುತ್ತದೆ. ಎಚ್ಚರವಾಗಿರು ಎಂದು ನೂರು ಸಲ ಹೇಳುವುದಕ್ಕಿಂತ ಒಂದು ದೋಣಿ ಮೇಲು. ನಿದ್ದೆ ಬರುವುದು ಮನುಷ್ಯನಿಗೆ, ದೋಣಿಗಲ್ಲ.

ಮೂರನೆಯದು ಎಲ್ಲರಿಗೂ. ಬಾವಿಯಲ್ಲೋ, ಗೊಬ್ಬರದ ಅನಿಲದ ಗುಂಡಿಯಲ್ಲೋ, ಸಂಪಿನಲ್ಲೋ ಇಳಿದವರು ಮಾತಾಡದೆ ಬಿದ್ದರೆ, ದಯವಿಟ್ಟು ಅವರ ಹಿಂದೆಯೇ ಇಳಿಯಬೇಡಿ. ಬಾವಿಯೊಳಗೆ ಡೀಸೆಲ್ ಪಂಪ್ ಇಳಿಸಿ ಓಡಿಸಿದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬಿಕೊಳ್ಳುತ್ತದೆ. ಇಂಥ ಜಾಗಗಳಲ್ಲಿ ಸಾಯುವವರಲ್ಲಿ ಕಾಪಾಡಲು ಹೋದವರೇ ಹೆಚ್ಚು ಎಂದು ಅಮೆರಿಕದ ಅಧ್ಯಯನವೊಂದು ಎಷ್ಟೋ ಹಿಂದೆಯೇ ತೋರಿಸಿದೆ. ಹಗ್ಗ ಕಟ್ಟಿಕೊಂಡೇ ಇಳಿಯಬೇಕು, ಮೇಲೆ ಜನ ಇರಬೇಕು. ಯಾರಾದರೂ ಬಿದ್ದರೆ ಮೇಲಿನಿಂದಲೇ ಎಳೆಯಬೇಕು, 112ಕ್ಕೆ ಫೋನ್ ಮಾಡಬೇಕು.

ಅಪ್ಪನ ಕಥೆ ಇಷ್ಟು ಜನರ ಮುಂದೆ ಹೇಳಲೋ ಬೇಡವೋ ಎಂದು ನಿನ್ನೆ ರಾತ್ರಿ ಅವರನ್ನೇ ಕೇಳಿದೆ. ಕೈಯನ್ನು ಒಂದು ಸಲ ನೋಡಿಕೊಂಡು ಹೇಳಿದರು, "ಹೇಳು. ಆದ್ರೆ ಟವಲ್ ನೋಡಿ ನಾನೂ ನಕ್ಕಿದ್ದೆ ಅನ್ನೋದನ್ನೂ ಸೇರಿಸು." ಸೇರಿಸಿದ್ದೇನಪ್ಪ.

ಮುಂದಿನ ಸಲ ನಿಮ್ಮ ಮಕ್ಕಳು ಮನೆಗೆ ಬಂದು ಏನೋ ಒಡೆಯಿತು, ಏನೋ ತಪ್ಪಿತು ಎಂದು ಹೇಳಿದರೆ, ನಮ್ಮ ಮೇಷ್ಟ್ರು ಕೇಳಿದ ಪ್ರಶ್ನೆಯನ್ನೇ ಮೊದಲು ಕೇಳಿ.

(ಲೇಖಕರು ಶಾಲೆಯ 2003–04ನೇ ಸಾಲಿನ ವಿದ್ಯಾರ್ಥಿ, ಬಿ.ಇ. ಪದವೀಧರರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)